ಕಟಕದಲ್ಲಿ ಕೂತ ಸೂರ್ಯ

ನನ್ನ ಅಕ್ಕನ ಮಗಳು ತ್ರಿವೇಣಿಯ ವಿಷಯ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಗುಬ್ಬಿಯಲ್ಲಿ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು ನಾನು, ಹೆಸರು ಸಿದ್ದಗಂಗಯ್ಯ. ತಾಲ್ಲೂಕಿನ ಅರ್ಧ ಗುಮಾಸ್ತರ ಬೆರಳು ಪಳಗಿದ್ದು ನನ್ನ ಮಿಷನ್‌ಗಳ ಮೇಲೆ. ಆ ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿಸಿದ್ದು ಕಂಪ್ಯೂಟರು. ಅದೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಮುಚ್ಚುವ ಕೆಲಸವನ್ನು, ನನ್ನ ಹತ್ತಿರ ಟೈಪಿಂಗ್ ಕಲಿತ ಹುಡುಗಿಯೇ ಹಿಡಿದರೆ ಯಾವ ಸೋದರಮಾವನಿಗೆ ತಾನೇ ಖುಷಿಯಾದೀತು? ಹೋಗಲಿ, ಸರ್ಕಾರಿ ಆಫೀಸಿನಲ್ಲಿ ಕೂತು ಟೈಪ್ ಮಾಡು ಅಂದರೆ ಅದಕ್ಕೂ ಒಪ್ಪಲಿಲ್ಲ. ಹಠಮಾರಿ.

ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಹೊರಪೇಟೆಯ ಒಂದು ಕಂಪ್ಯೂಟರ್ ಅಂಗಡಿ ಸೇರಿಕೊಂಡಳು. ಬೆಂಗಳೂರಿನಿಂದ ಬಿಡಿ ಸಾಮಾನು ತಂದು ಇಲ್ಲಿ ಜೋಡಿಸಿ ಮಾರುವ ಅಂಗಡಿ ಅದು. ವಾರವಿಡೀ ತುಮಕೂರಿನಲ್ಲಿ ಗೆಳತಿಯ ಜೊತೆ ರೂಮು, ಶನಿವಾರ ಸಂಜೆ ಬಸ್ಸು ಹತ್ತಿ ಕಡಬಕ್ಕೆ, ಅಪ್ಪ ಅಮ್ಮನ ಮನೆಗೆ. ದಾರಿಯಲ್ಲಿ ಗುಬ್ಬಿಯಲ್ಲಿಳಿದು ನನ್ನನ್ನು ಮಾತಾಡಿಸಿಕೊಂಡು ಹೋಗುತ್ತಿದ್ದಳು. ಒಂದು ಸಲ ನಾನು ರೇಗಿಸಲೆಂದೇ ಕೇಳಿದೆ, ಆ ಡಬ್ಬದಲ್ಲಿ ಅಂಥಾದ್ದೇನಿದೆ ಅಂತ.

"ಮದುವೆ ಮನೆ ಅಡಿಗೆ ಇದ್ದಂಗೆ ಮಾಮ. ಪಾತ್ರೆ, ಒಲೆ, ಸೌದೆ ಎಲ್ಲಾ ಹಾರ್ಡ್‌ವೇರು. ಭಟ್ಟ ಕಲಿತಿರೋ ವಿದ್ಯೆ ಸಾಫ್ಟ್‌ವೇರು. ಆದ್ರೆ ಎಷ್ಟು ಎಲೆಗೆ ಅಡಿಗೆ, ಖಾರ ಎಷ್ಟು, ಬೆಲ್ಲ ಎಷ್ಟು ಅಂತ ಮನೆಯೋರು ಹೇಳ್ಬೇಕಲ್ಲ, ಅದು ಸೆಟ್ಟಿಂಗು. ಹೇಳ್ದೇ ಹೋದ್ರೆ ಭಟ್ಟ ತನ್ನೂರಿನ ರೂಢೀಲಿ ಮಾಡಿ ಬಡಿಸ್ತಾನೆ. ಅಡಿಗೆ ಕೆಟ್ಟಿರಲ್ಲ, ನಮ್ಮ ಬಾಯಿಗೆ ಸೇರಲ್ಲ ಅಷ್ಟೇ" ಅಂದಳು. ಹೇಳುವಾಗ ಮುಖ ಅರಳಿತ್ತು. ಆ ಹುಡುಗಿಯ ಮುಖ ಹಾಗೆ ಅರಳಿದ್ದನ್ನು ನಾನು ಮನೆಯಲ್ಲಿ ಅಷ್ಟಾಗಿ ನೋಡಿರಲಿಲ್ಲ.

ಮನೆಯಲ್ಲಿ ಅರಳದಿರಲು ಕಾರಣವಿತ್ತು. ನನ್ನ ಭಾವ ಏಕಾಂತಯ್ಯ ಜಂಗಮರು. ಕಡಬದ ಸುತ್ತಮುತ್ತ ಮಗು ಹುಟ್ಟಿದರೆ ಅಯ್ಯನವರ ಕೈಯಲ್ಲಿ ಜಾತಕ ಬರೆಸುವುದು ಪದ್ಧತಿ. ಅವರು ಬರೆದದ್ದನ್ನು ತಿರುಗಿ ಪ್ರಶ್ನಿಸಿದವರಿಲ್ಲ. ದೊಡ್ಡ ಮಗಳು ತ್ರಿವೇಣಿಯ ಜಾತಕವನ್ನೂ ಅವರೇ ಬರೆದರು, ಕುಜ ಏಳನೇ ಮನೆಯಲ್ಲಿ ಇದ್ದಾನೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರು. ಕುಜದೋಷದ ಹುಡುಗಿಯನ್ನು ತಂದರೆ ಗಂಡನಿಗೆ ಕೇಡು ಅನ್ನುವ ಭಯ ನಮ್ಮ ಕಡೆ ಎಷ್ಟೆಂದು ನಿಮಗೆ ಗೊತ್ತೇ ಇದೆ. ನೋಡಲು ಬಂದವರ ಮುಂದೆ ಭಾವ ತಾವೇ ಜಾತಕ ಹಿಡಿಯುತ್ತಿದ್ದರು, ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ನನ್ನ ಅಕ್ಕ ಕರಿಬಸಮ್ಮ ಒಂದು ದಿನ, "ಆ ಕುಜನ್ನ ಒಂದು ಮನೆ ಪಕ್ಕಕ್ಕೆ ಸರಿಸಿ ಬರೀರಿ, ಯಾರಿಗೆ ಗೊತ್ತಾಯ್ತದೆ" ಅಂತ ಗೋಗರೆದಳು. ಭಾವ ಆವತ್ತು ಊಟ ಬಿಟ್ಟರು.

ಹೀಗೆ ದೊಡ್ಡವಳು ಹಾಗೇ ಉಳಿದಳು. ಕೊನೆಗೆ ತ್ರಿವೇಣಿಯೇ, "ನನಗೋಸ್ಕರ ಮಂಜೂನ ಕೂರಿಸ್ಕೋಬೇಡಿ" ಅಂತ ಹಠ ಹಿಡಿದಳು. ತಂಗಿ ಮಂಜುಶ್ರೀಯ ಜಾತಕ ಚೊಕ್ಕಟವಾಗಿತ್ತು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಕುಣಿಗಲ್‌ನಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಪ್ರಭುದೇವ, ಸ್ವಂತ ಮೆಡಿಕಲ್ ಸ್ಟೋರ್ ಇಟ್ಟಿದ್ದ. ಅವನ ಅಪ್ಪ ರೇವಣಸಿದ್ದಯ್ಯನದು ತೆಂಗಿನಕಾಯಿ ಮಂಡಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದರು. ಒಪ್ಪಿದರು ಅಂದರೆ ಸುಮ್ಮನೆ ಅಲ್ಲ, ಮಂಜು ಆಮೇಲೆ ನೀರು ತರಲು ಹೋದವಳು ಖಾಲಿ ಬಿಂದಿಗೆ ಹೊತ್ತುಕೊಂಡು ಬಂದಿದ್ದಳು. ನಿಶ್ಚಿತಾರ್ಥದ ದಿನವೂ ಗೊತ್ತಾಯಿತು.

ಆಗ ಒಂದು ಗುರುವಾರ ರೇವಣಸಿದ್ದಯ್ಯ ಒಬ್ಬನೇ ಕಡಬಕ್ಕೆ ಬಂದ. ನಾನೂ ಅಲ್ಲೇ ಇದ್ದೆ. ಚಾಪೆಯ ಮೇಲೆ ಕೂತ, ಅಕ್ಕ ತಂದಿಟ್ಟ ಕಾಫಿ ಮುಟ್ಟಲಿಲ್ಲ. ಅವರ ಮನೆಯಲ್ಲಿ ಜಾತಕ ಬರೆಸುವ ರೂಢಿ ಇರಲಿಲ್ಲವಂತೆ. ಯಾರೋ ಹೇಳಿದರು ಅಂತ ತುಮಕೂರಿನ ಚಿಕ್ಕಪೇಟೆಯಲ್ಲಿದ್ದ ಲಕ್ಷ್ಮೀನರಸಿಂಹಯ್ಯನವರ ಕಂಪ್ಯೂಟರ್ ಜಾತಕ ಕೇಂದ್ರಕ್ಕೆ ಹೋಗಿ, ಮಗನದೂ ಮಂಜುವಿನದೂ ಹುಟ್ಟಿದ ತಾರೀಖು ಕೊಟ್ಟು ಹೊಂದಾಣಿಕೆ ಚೀಟಿ ತೆಗೆಸಿದ್ದಾನೆ.

"ಅಯ್ನೋರೆ, ಹುಡುಗಿಗೆ ಕುಜದೋಷ ಐತೆ" ಅಂದ.

"ಇಲ್ಲ" ಅಂದರು ಭಾವ.

"ಕಂಪ್ಯೂಟರ್ ಐತೆ ಅಂತ ಬರ್ಕೊಟ್ಟೈತೆ. ಮನುಷ್ಯ ಆದ್ರೆ ಮುಲಾಜು ನೋಡ್ತಾನೆ, ಮಿಷನ್‌ಗೆ ಯಾವ ಮುಲಾಜು. ದೊಡ್ಡೋಳು ಮನೇಲಿ ಕೂತವ್ಳೆ, ಚಿಕ್ಕೋಳಾದ್ರೂ ದಾಟ್ಲಿ ಅಂತ ತಿದ್ದಿದ್ದೀರಿ. ತಂದೆ ಕರುಳು, ನಂಗೂ ಅರ್ಥ ಆಯ್ತದೆ. ಆದ್ರೆ ನನಗಿರೋನು ಒಬ್ನೇ ಮಗ."

ನನಗೆ ಮೈಯೆಲ್ಲ ಉರಿದುಹೋಯಿತು. "ಯಾರ ಮನೇಲಿ ಕೂತು ಏನ್ ಮಾತಾಡ್ತಿದ್ದೀರಿ ಅಂತ ಗ್ಯಾನ ಐತಾ?" ಅಂತ ಎದ್ದು ನಿಂತೆ. ಭಾವ ನನ್ನ ಕೈ ಹಿಡಿದು ಕೂರಿಸಿದರು.

ರೇವಣಸಿದ್ದಯ್ಯ ಚೀಟಿಯನ್ನು ಭಾವನ ಮುಂದಿಟ್ಟ. ಭಾವ ಅದನ್ನು ಮುಟ್ಟಲಿಲ್ಲ, ಅದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. "ಸೋಮವಾರ ಹೆಬ್ಬೂರಲ್ಲಿ ಇನ್ನೊಂದು ಹುಡುಗಿ ನೋಡಕ್ಕೆ ಹೋಗ್ತಾ ಇದೀವಿ. ಹೇಳ್ದೇ ಹೋದ್ರೆ ತಪ್ಪಾಯ್ತದೆ ಅಂತ ಹೇಳೋಕ್ ಬಂದೆ" ಅಂತ ಅವನು ಎದ್ದು ಹೋದ. ಅಡಿಗೆಮನೆಯ ಬಾಗಿಲ ಹಿಂದೆ ಮಂಜು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಭಾವ ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ಕೆರೆ ಏರಿಯ ಕಡೆ ನಡೆದರು.

ಸುದ್ದಿಗೆ ಕಾಲು ಬೇರೆ ಬೇಕೇ. ಮಾರನೇ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಪಕ್ಕದ ಬೀದಿಯ ಗಂಗಣ್ಣ ಜಗಲಿಯಲ್ಲಿ ನಿಂತಿದ್ದ. "ಏನಿಲ್ಲ ಅಯ್ನೋರೆ, ನಮ್ಮುಡುಗನ ಜಾತಕಾನೂ ಒಂದ್ಸಲ ತುಮ್ಕೂರಲ್ಲಿ ತೋರಿಸ್ಕೊಂಬರಾನ ಅಂತ" ಅಂತ ತಲೆ ಕೆರೆದುಕೊಂಡ. ಭಾವ ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದರು. ಮಂಜುವಿನ ಮದುವೆ ನಿಂತರೆ ಜೊತೆಗೆ ಈ ಮನುಷ್ಯನ ಜೀವಮಾನದ ಮಾತೂ ಹೋಗುತ್ತದೆ, ಅದು ನನಗೆ ಸ್ಪಷ್ಟವಾಗಿ ಕಂಡಿತು. ಚೀಟಿಯನ್ನು ಜೇಬಿಗಿಟ್ಟುಕೊಂಡು ತುಮಕೂರಿನ ಬಸ್ಸು ಹತ್ತಿದೆ.

ತ್ರಿವೇಣಿ ಅಂಗಡಿಯಲ್ಲಿದ್ದಳು. ಚೀಟಿ ಓದಿ ಅವಳ ಮುಖ ಬಿಳಿಚಿಕೊಂಡಿತು.

"ಮಾಮ, ಈ ಮಿಷನ್ ನಾನೇ ರಿಪೇರಿ ಮಾಡಿದ್ದು."

ಸಂಕ್ರಾಂತಿ ಕಳೆದ ಮೇಲೆ ಜಾತಕ ಕೇಂದ್ರದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತಂತೆ. ಹಾರ್ಡ್ ಡಿಸ್ಕ್ ಅಂದರೆ ಅದರ ನೆನಪಿನ ಪೆಟ್ಟಿಗೆ, ಅದು ಹೋದರೆ ಒಳಗಿದ್ದದ್ದೆಲ್ಲ ಹೋದ ಹಾಗೆ. ಇವಳೇ ಹೊಸದು ಕೂರಿಸಿ, ವಿಂಡೋಸು, ಜಾತಕದ ಪ್ರೋಗ್ರಾಮು ಎಲ್ಲವನ್ನೂ ಹೊಸದಾಗಿ ತುಂಬಿ ಬಂದಿದ್ದಳು. ಇಬ್ಬರೂ ಚಿಕ್ಕಪೇಟೆಗೆ ಹೋದೆವು. ಲಕ್ಷ್ಮೀನರಸಿಂಹಯ್ಯನವರು ಗಿರಾಕಿಗಳನ್ನು ಹೊರಗೆ ಕೂರಿಸಿ ಕಂಪ್ಯೂಟರ್ ಬಿಟ್ಟುಕೊಟ್ಟರು.

ಅವಳು ಡಬ್ಬದ ಮುಚ್ಚಳ ಬಿಚ್ಚಿದಳು. ಒಳಗೆ ದಿನ, ಗಂಟೆ ನೆನಪಿಡುವ ಬಿಲ್ಲೆಯಂಥ ಸಣ್ಣ ಸೆಲ್ಲು ಇರುತ್ತದೆ, ಅದನ್ನು ಅಳೆದು ನೋಡಿದಳು, ಸರಿಯಿತ್ತು. ಮೆಮೊರಿಯ ಪಟ್ಟಿಗಳನ್ನು ಕಿತ್ತು ಒರೆಸಿ ಮತ್ತೆ ಕೂರಿಸಿದಳು. ಜಾತಕದ ಪ್ರೋಗ್ರಾಮನ್ನು ಪೂರ್ತಿ ಅಳಿಸಿ ಫ್ಲಾಪಿಗಳಿಂದ ಮತ್ತೆ ತುಂಬಿದಳು. ಆಮೇಲೆ ಮಂಜುವಿನ ತಾರೀಖು ಹೊಡೆದಳು, ಎಂಟು, ಮೂರು, ಎಪ್ಪತ್ತೇಳು. ಹುಟ್ಟಿದ ಹೊತ್ತು, ಊರು ಎಲ್ಲ ಸರಿಯಾಗಿಯೇ ಕೊಟ್ಟಳು. ಪ್ರಿಂಟರು ಕರ್ ಕರ್ ಅನ್ನುತ್ತ ಅದೇ ಚೀಟಿಯನ್ನು ಉಗುಳಿತು. ಅದೇ ಕುಜದೋಷ.

"ಇನ್ನೊಬ್ಬರದು ನೋಡಮ್ಮ" ಅಂದರು ಲಕ್ಷ್ಮೀನರಸಿಂಹಯ್ಯ.

ಅವಳು ತನ್ನ ತಾರೀಖನ್ನೇ ಹಾಕಿದಳು. ಇಪ್ಪತ್ತಮೂರು, ಹನ್ನೊಂದು, ಎಪ್ಪತ್ತಮೂರು. ಅಪ್ಪ ಬರೆದದ್ದನ್ನು ಅಚ್ಚು ಹಾಕಿದ ಹಾಗೆ ಬಂತು, ಒಂದು ಗ್ರಹ ಆಚೀಚೆ ಇಲ್ಲ. ಕುಜ ಏಳನೇ ಮನೆಯಲ್ಲೇ ಕೂತಿದ್ದ. ರಿಪೇರಿ ಮಾಡಿದ ದಿನವೂ ಇದೇ ತಾರೀಖು ಹಾಕಿ, ಸರಿ ಬಂತು ಅಂತ ನೋಡಿಕೊಂಡೇ ಅವಳು ಎದ್ದು ಬಂದದ್ದು.

"ಮಿಷನ್ ಸರಿಯಾಗೇ ಇದೆಯಲ್ಲಮ್ಮ" ಅಂದರು ಅವರು ಮೆತ್ತಗೆ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ತ್ರಿವೇಣಿ ತಲೆ ಎತ್ತದೆ ಕೇಳಿದಳು.

"ಮಾಮ, ಅಪ್ಪ ನಿಜವಾಗ್ಲೂ ತಿದ್ದಿರಬಹುದಾ?"

"ಬಾಯಿ ಮುಚ್ಚು" ಅಂದೆ.

"ನನಗಾಗಿ ತಿದ್ದಲಿಲ್ಲ ಅಂತ ನಂಗೆ ಯಾವತ್ತೂ ಕೋಪ ಬಂದಿಲ್ಲ ಮಾಮ. ನಮ್ಮಪ್ಪ ಯಾರಿಗೂ ಸುಳ್ಳು ಬರೆಯಲ್ಲ ಅಂತ ಒಂದು ಹೆಮ್ಮೆ ಇತ್ತು. ಈಗ ಮಂಜುಗೆ ಮಾತ್ರ..." ನಾನು ಗದರಿಸಬೇಕು ಅಂದುಕೊಂಡೆ. ಆದರೆ ನನಗೂ ಅದೇ ಅನುಮಾನ ಬಂದಿತ್ತು.

ಕಡಬ ತಲುಪಿದಾಗ ದೀಪ ಹಚ್ಚುವ ಹೊತ್ತು. ಭಾವ ಜಗಲಿಯಲ್ಲಿ ಕೂತಿದ್ದರು. ಅವಳು ಚಪ್ಪಲಿ ಕೂಡ ಬಿಡದೆ ಹೋಗಿ ಚೀಟಿ ಮುಂದೆ ಹಿಡಿದಳು.

"ನೋಡಪ್ಪ."

"ಅದನ್ನ ನಾನು ನೋಡಲ್ಲ. ನಾನು ಬರೆದಿದ್ದು ನಿಜ ಅಂತ ಇನ್ನೊಂದು ಕಾಗದ ನೋಡಿ ನಾನು ತಿಳ್ಕೋಬೇಕಾ?"

"ನೀನು ನೋಡ್ಲಿಲ್ಲ ಅಂದ್ರೆ, ತಿದ್ದಿದ್ದೀಯ ಅಂತ ನಾನೂ ನಂಬ್ತೀನಿ."

ಒಳಗಿನಿಂದ ಅಕ್ಕ ಓಡಿ ಬಂದು, "ಏನೇ ಮಾತು ಅದು, ಯಾರ ಹತ್ರ ಆಡ್ತಿದ್ದೀಯ" ಅಂತ ಅವಳ ರಟ್ಟೆ ಹಿಡಿದಳು. ತ್ರಿವೇಣಿ ಜಗ್ಗಲಿಲ್ಲ. ಭಾವ ಮಗಳ ಮುಖವನ್ನೇ ನೋಡಿದರು. ಊರೇ ಅಂದಾಗ ಆಗದ ನೋವು ಈಗ ಅವರ ಮುಖದಲ್ಲಿ ಕಾಣಿಸಿತು. ಆಮೇಲೆ ನಿಧಾನವಾಗಿ ಕನ್ನಡಕ ಹಾಕಿಕೊಂಡು ಚೀಟಿ ತೆಗೆದುಕೊಂಡರು. ಅದು ಒಂದೇ ಪುಟದ ಅಗ್ಗದ ಚೀಟಿ. ಸಂವತ್ಸರ, ಮಾಸ, ತಿಥಿ ಏನೂ ಇಲ್ಲ, ಹುಟ್ಟಿದ ತಾರೀಖು, ದೋಷ, ಒಂದು ಕುಂಡಲಿ ಅಷ್ಟೇ. ಅವರ ಬೆರಳು ಕುಂಡಲಿಯ ಮನೆಗಳ ಮೇಲೆ ಒಂದೊಂದಾಗಿ ಹೋಗಿ ಒಂದು ಕಡೆ ನಿಂತಿತು.

"ಯಾರದವ್ವ ಇದು?"

"ಮಂಜುದು."

"ಅಲ್ಲ. ರವಿ ಕಟಕದಲ್ಲಿ ಕೂತವ್ನೆ ನೋಡು. ಸೂರ್ಯ ತಿಂಗಳಿಗೊಂದು ಮನೆ ದಾಟ್ತಾನೆ, ಅದರಲ್ಲಿ ಹೆಚ್ಚುಕಮ್ಮಿ ಇಲ್ಲ. ಮಾರ್ಚ್ ಎಂಟಕ್ಕೆ ಕುಂಭದಲ್ಲಿರ್ತಾನೆ. ಕಟಕಕ್ಕೆ ಬರ್ಬೇಕಾದ್ರೆ ಜುಲೈ ಅರ್ಧ ಕಳೀಬೇಕು. ಇದು ಮಳೆಗಾಲದಲ್ಲಿ ಹುಟ್ಟಿದ ಕೂಸು. ಯಾರದೋ ಜಾತಕ ತಂದು ನನ್ನ ಮಗಳ ತಲೆಗೆ ಕಟ್ಟವ್ರೆ."

"ಜುಲೈ, ಇಲ್ಲಾ ಆಗಸ್ಟಾ?"

"ಆಗಸ್ಟ್ ಮೊದಲ ವಾರಾನೂ ಕಟಕವೇ."

ತ್ರಿವೇಣಿ ಚೀಟಿ ಕಿತ್ತುಕೊಂಡು ತಾರೀಖು ನೋಡಿದಳು. "ಎಂಟು, ಮೂರು" ಅಂದಳು. ಇನ್ನೊಂದು ಸಲ ಅಂದಳು. ಹಾಗೇ ಜಗಲಿಯ ಅಂಚಿಗೆ ಕುಸಿದು ಕೂತಳು.

"ಮಾಮ, ಅದು ಮಾರ್ಚ್ ಎಂಟು ಅಂತ ಓದಿಲ್ಲ. ಆಗಸ್ಟ್ ಮೂರು ಅಂತ ಓದೈತೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅಮೆರಿಕದವರು ತಾರೀಖು ಬರೆಯುವಾಗ ತಿಂಗಳು ಮೊದಲು ಬರೆಯುತ್ತಾರಂತೆ, ದಿನ ಆಮೇಲೆ. ವಿಂಡೋಸನ್ನು ಹೊಸದಾಗಿ ತುಂಬಿದಾಗ ನಾವು ಬೇರೆ ಹೇಳದಿದ್ದರೆ ಅದು ಅಮೆರಿಕದ ರೂಢಿಯಲ್ಲೇ ಇರುತ್ತದೆ. ಹಾರ್ಡ್ ಡಿಸ್ಕ್ ಕೂರಿಸಿದ ದಿನ ಆ ಒಂದು ಸೆಟ್ಟಿಂಗನ್ನು ಇವಳು ಬದಲಾಯಿಸಿರಲಿಲ್ಲ. ಜಾತಕದ ಪ್ರೋಗ್ರಾಮು ತಾರೀಖನ್ನು ವಿಂಡೋಸು ಹೇಳಿದ ಹಾಗೆ ಓದಿಕೊಂಡಿತು. ಚೀಟಿಯ ಮೇಲೆ ಅದೇ ಎಂಟು-ಮೂರು ಅಂತಲೇ ಅಚ್ಚಾದ್ದರಿಂದ ಯಾರ ಕಣ್ಣಿಗೂ ತಪ್ಪು ಕಾಣಲಿಲ್ಲ.

"ಮತ್ತೆ ನಿಂದು ಹೆಂಗೆ ಸರಿಯಾಗಿ ಬಂತು?"

"ನಾನು ಹುಟ್ಟಿದ್ದು ಇಪ್ಪತ್ಮೂರನೇ ತಾರೀಖು. ಇಪ್ಪತ್ಮೂರನೇ ತಿಂಗಳು ಅಂತ ಇಲ್ವಲ್ಲ, ಅದಕ್ಕೆ ಅದೇ ತಿರುಗಿಸ್ಕೊಂಡು ಸರಿಯಾಗಿ ಓದ್ತದೆ. ಹನ್ನೆರಡರ ಒಳಗೆ ಹುಟ್ಟಿದೋರದ್ದು ಮಾತ್ರ ಅದಲುಬದಲು. ರಿಪೇರಿ ಮಾಡಿದ ದಿನ ನಾನು ಅಂಥದ್ದೊಂದು ತಾರೀಖು ಹಾಕಿ ನೋಡಿದ್ರೆ ಆವತ್ತೇ ಸಿಕ್ಕಿಬೀಳ್ತಿತ್ತು." ಅವಳು ಅಪ್ಪನ ಕಾಲ ಬಳಿ ಹಣೆ ಇಟ್ಟಳು. "ತಿದ್ದಿದ್ದು ನೀನಲ್ಲಪ್ಪ, ನಾನು."

ನನಗೆ ರೇಗಿತು. ನನ್ನ ಟೈಪ್‌ರೈಟರ್ ಒಂದು ದಿನಕ್ಕೂ ಇಂಥ ಕಳ್ಳಾಟ ಆಡಿದ್ದಿಲ್ಲ. ಎಂಟು ಒತ್ತಿದರೆ ಎಂಟು, ಮೂರು ಒತ್ತಿದರೆ ಮೂರು, ಆಚೆಗೆ ಅದರ ಅರ್ಥ ನಾವೇ ಮಾಡಿಕೊಳ್ಳಬೇಕು. ಭಾವ ಮಾತ್ರ ಮಗಳ ತಲೆಯ ಮೇಲೆ ಕೈಯಿಟ್ಟು, "ಏಳು, ಕಾಲು ತೊಳ್ಕೊಂಡು ಊಟ ಮಾಡು" ಅಂದರು.

ಶನಿವಾರ ನಾನು ಕುಣಿಗಲ್‌ಗೆ ಹೋದೆ. ಮಂಡಿಯಲ್ಲಿ ಕಾಯಿ ಎಣಿಸುತ್ತಿದ್ದ ರೇವಣಸಿದ್ದಯ್ಯ ನನ್ನ ಮಾತನ್ನೆಲ್ಲ ಕೇಳಿ ನಕ್ಕ.

"ಮಿಷನ್ ರಿಪೇರಿ ಮಾಡೋಳು ಆ ಹುಡುಗಿ ಅಕ್ಕನೇ ಅಂತೀರಿ. ನಿನ್ನೆ ಹೋಗಿ ಅದನ್ನ ಬಿಚ್ಚಿದ್ದೂ ಅವ್ಳೇ ಅಂತೀರಿ. ಅವ್ಳಿಗೆ ಬೇಕಾದಂಗೆ ತಿರುಗಿಸಿ ಇಟ್ಟಿರಲ್ಲ ಅಂತ ಏನ್ ಗ್ಯಾರಂಟಿ?"

"ನಿಮ್ಮ ಮಗನ್ನ ಕರ್ಕೊಂಡು ನಾಳೆ ಬನ್ನಿ. ನಮ್ಮುಡುಗಿ ಮಿಷನ್ ಮುಟ್ಟಲ್ಲ. ನಿಮ್ಮ ಮಗನೇ ಕೂತು ಮಾಡ್ಲಿ. ಸುಳ್ಳಾದ್ರೆ ನಾನು ಈ ಮಂಡಿ ಮುಂದೆ ಬಂದು ನಿಮ್ಮ ಕಾಲು ಹಿಡೀತೀನಿ."

ಒಳಗಿದ್ದ ಪ್ರಭುದೇವ ಹೊರಗೆ ಬಂದ. "ಬರ್ತೀವಿ" ಅಂದ. ಅಪ್ಪ ಅವನನ್ನು ಕೆಕ್ಕರಿಸಿ ನೋಡಿದ.

ಭಾನುವಾರ ಜಾತಕ ಕೇಂದ್ರದ ಬಾಗಿಲು ಅರ್ಧ ಎಳೆದಿತ್ತು. ಲಕ್ಷ್ಮೀನರಸಿಂಹಯ್ಯನವರಿಗೆ ವಿಷಯ ಆಗಲೇ ಮುಟ್ಟಿತ್ತು. ಅವರು ತ್ರಿವೇಣಿಯನ್ನು ಪಕ್ಕಕ್ಕೆ ಕರೆದು, "ಟೈಪ್ ಮಾಡೋವಾಗ ತಪ್ಪಾಯ್ತು ಅಂತ ಹೇಳಿ ಮುಗಿಸಮ್ಮ. ಸಂಕ್ರಾಂತಿಯಿಂದ ಎಷ್ಟು ಜನಕ್ಕೆ ಕೊಟ್ಟಿದ್ದೀನಿ, ಎಷ್ಟು ಮದುವೆ ಇದರ ಮೇಲೆ ಆಗಿದೆ, ಎಷ್ಟು ನಿಂತಿದೆ, ನಂಗೇ ಗೊತ್ತಿಲ್ಲ. ನಾನು ಬೀದಿಗೆ ಬರ್ತೀನಿ" ಅಂತ ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ತಪ್ಪು ನಂದು ಸಾರ್. ಬಂದೋರಿಗೆಲ್ಲ ನಾನೇ ನಿಂತು ಹೇಳ್ತೀನಿ. ಆದ್ರೆ ಇವತ್ತು ಸುಳ್ಳು ಹೇಳಕ್ಕಾಗಲ್ಲ" ಅಂದಳು.

ಭಾವ, ಮಂಜು, ನಾನು ಒಂದು ಕಡೆ ಬೆಂಚಿನ ಮೇಲೆ. ಎದುರು ರೇವಣಸಿದ್ದಯ್ಯ. ಪ್ರಭುದೇವ ಕಂಪ್ಯೂಟರ್ ಮುಂದೆ ಕೂತ. ತ್ರಿವೇಣಿ ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು, ಅಲ್ಲಿಂದಲೇ ಒಂದೊಂದಾಗಿ ಹೇಳಿದಳು. ಮಂಜುವಿನ ತಾರೀಖು ಹೊಡೆಯಿರಿ ಅಂದಳು. ಈಗ ಅದನ್ನು ತಿಂಗಳ ಹೆಸರಿನ ಸಮೇತ ತೋರಿಸಲು ಹೇಳಿ ಅಂದಳು, ಎಲ್ಲಿ ಒತ್ತಬೇಕೆಂದೂ ಹೇಳಿದಳು. ಪ್ರಭುದೇವ ಪರದೆಗೆ ಬಗ್ಗಿ ಓದಿದ.

"ಅಪ್ಪಾ, ಆಗಸ್ಟ್ ಅಂತ ಬಂದೈತೆ."

"ಸರಿಯಾಗಿ ನೋಡ್ಲಾ."

"ಎಂಟು ಮೂರು ಅಂತಲೇ ಹೊಡೆದಿದ್ದು ನಾನು. ಆಗಸ್ಟ್ ಮೂರು ಅಂತ ತಗೊಂಡೈತೆ. ಪರದೇಶದ ಔಷಧಿ ಡಬ್ಬದ ಮೇಲೂ ಹಿಂಗೇ ಇರ್ತದೆ, ತಿಂಗಳು ಮೊದಲು."

ಆಮೇಲೆ ಅವಳು ಹೇಳಿದಂತೆ ಅವನು ಸೆಟ್ಟಿಂಗುಗಳ ಪುಟ ತೆರೆದ. ಭೂಪಟದ ಚಿತ್ರ ಬಂತು, ದೇಶಗಳ ಸಾಲು ಬಂತು. ಆ ಸಾಲಿನಲ್ಲಿ ಇಂಗ್ಲಿಷಿನ ಜೊತೆ ಇಂಡಿಯಾ ಇರಲೇ ಇಲ್ಲ. ಇಂಗ್ಲೆಂಡ್ ಆರಿಸಿ, ಅವರೂ ನಮ್ಮ ಹಾಗೇ ದಿನ ಮೊದಲು ಬರೆಯುತ್ತಾರೆ ಅಂದಳು. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾದರೂ ಇದೇ ಹಣೆಬರಹ ಅಂತ ನಾನು ಗೊಣಗಿದೆ, ಯಾರೂ ನಗಲಿಲ್ಲ. ಪ್ರಿಂಟರು ಮತ್ತೆ ಕರ್ ಕರ್ ಅಂದಿತು. ಭಾವ ತಾವು ಬರೆದಿದ್ದ ಜಾತಕವನ್ನು ಚೀಟಿಯ ಪಕ್ಕ ಹರಡಿದರು. ರವಿ ಕುಂಭದಲ್ಲಿದ್ದ. ಕುಜದೋಷ ಇರಲಿಲ್ಲ. ರೇವಣಸಿದ್ದಯ್ಯ ಎರಡನ್ನೂ ಮನೆ ಮನೆಗೆ ತಾಳೆ ನೋಡಿದ. ಮಂಜು ನನ್ನ ತೋಳು ಹಿಡಿದುಕೊಂಡಿದ್ದಳು, ಆಗ ಬಿಟ್ಟಳು. ನನಗೆ ಎದೆ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಎಲ್ಲ ಮುಗಿಯಿತು ಅಂದುಕೊಂಡೆ.

ಪ್ರಭುದೇವ ಮಾತ್ರ ಕುರ್ಚಿಯಿಂದ ಎದ್ದಿರಲಿಲ್ಲ.

"ಅಪ್ಪಾ, ನಾನು ಹುಟ್ಟಿದ್ದು ಏಳು, ಹನ್ನೊಂದು. ನಂದೂ ಇಲ್ಲೇ ತೆಗೆಸಿದ್ದಲ್ವಾ?"

ರೇವಣಸಿದ್ದಯ್ಯನಿಗೆ ಅದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಕೂಡಲೇ, "ಬುಡ್ಲಾ ಅದು, ಈಗ್ಯಾಕೆ" ಅಂತ ಎದ್ದ. ಅಷ್ಟರಲ್ಲಿ ಮಗ ತಾರೀಖು ಹೊಡೆದಾಗಿತ್ತು. ಚೀಟಿ ಹೊರಗೆ ಬಂತು. ಪ್ರಭುದೇವ ಅದನ್ನು ಅಪ್ಪನಿಗೆ ಕೊಡದೆ ನೇರವಾಗಿ ಭಾವನ ಕೈಗೆ ಕೊಟ್ಟ. ಭಾವ ಓದಿದರು. ಅವರ ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತು.

"ಕುಜ ಎಂಟನೇ ಮನೇಲಿ ಅವ್ನೆ. ದೋಷ ಹುಡುಗನಿಗಿದೆ."

ಹುಡುಗನಿಗೆ ದೋಷವಿದ್ದು ಹುಡುಗಿಗೆ ಇಲ್ಲದಿದ್ದರೆ ಕಂಟಕ ಹುಡುಗಿಗೆ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ರೇವಣಸಿದ್ದಯ್ಯ ಬಂದು ಭಾವನ ಪಕ್ಕದಲ್ಲೇ ಕೂತ. ಗುರುವಾರದ ಗತ್ತು ಎಲ್ಲೋ ಹೋಗಿತ್ತು.

"ಅಯ್ನೋರೆ, ಮನೇಲಿ ಹೆಂಗಸರು ಇದನ್ನ ನೋಡಿದ್ರೆ ರಂಪ ಮಾಡ್ತಾರೆ. ನಾಳೆ ನಾಕು ಜನಕ್ಕೆ ಗೊತ್ತಾದ್ರೆ ನನ್ನ ಮಗನಿಗೆ ಯಾರು ಹೆಣ್ಣು ಕೊಡ್ತಾರೆ. ನಿಮ್ಮ ಕೈಯಲ್ಲೇ ಇವನದೊಂದು ಬರ್ಕೊಡಿ. ನಿಮ್ಮ ಅಕ್ಷರ ಅಂದ್ರೆ ಯಾರೂ ಮಾತಾಡಲ್ಲ."

ನನಗೆ ನಗಬೇಕೋ ಅವನ ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ. ಭಾವ ಗೋಡೆಗೆ ಒರಗಿ ನಿಂತಿದ್ದ ತ್ರಿವೇಣಿಯ ಕಡೆ ನೋಡಿದರು.

"ಇವಳಿಗೇ ಬರ್ಕೊಡ್ಲಿಲ್ಲ ನಾನು" ಅಂದರು.

ರೇವಣಸಿದ್ದಯ್ಯನೂ ಅವಳ ಕಡೆ ತಿರುಗಿದ. ಅವನ ತಲೆಯಲ್ಲಿ ಲೆಕ್ಕ ಓಡುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. "ಹಂಗಾದ್ರೆ ಒಂದ್ ಕೆಲಸ ಮಾಡಾನ. ದೊಡ್ಡೋಳಿಗೂ ದೋಷ ಐತೆ, ಇವನಿಗೂ ಐತೆ, ಒಂದಕ್ಕೊಂದು ವಜಾ ಆಯ್ತದೆ. ದೊಡ್ಡೋಳ್ನೇ ಕೊಟ್ಬುಡಿ. ನಿಮ್ಗೂ ಭಾರ ಇಳೀತದೆ."

ಮಂಜುವಿನ ಮುಖದಲ್ಲಿ ರಕ್ತವಿರಲಿಲ್ಲ. ಅವಳು ಅಕ್ಕನ ಕಡೆ ನೋಡಲೂ ಇಲ್ಲ. ತ್ರಿವೇಣಿ ಗೋಡೆ ಬಿಟ್ಟು ಮುಂದೆ ಬಂದಳು. ದನಿ ಏರಿಸದೆ ಹೇಳಿದಳು.

"ನಮ್ಮಪ್ಪ ಬರೆದಿದ್ದು ನಿಜ ಅಂತ ತೋರಿಸಕ್ಕೆ ಬಂದಿದ್ದೀನಿ ಯಜಮಾನ್ರೆ. ನನ್ನನ್ನ ತೋರಿಸ್ಕೊಳ್ಳಕ್ಕಲ್ಲ."

"ಅಪ್ಪಾ, ನೀವು ಸುಮ್ನಿರಿ" ಅಂದ ಪ್ರಭುದೇವ. ಆಮೇಲೆ ಭಾವನ ಕಡೆ ತಿರುಗಿ, "ದೋಷ ನಂದು ಅಂತ ಗೊತ್ತಾದ ಮೇಲೆ ಕೇಳೋ ಮುಖ ಇಲ್ಲ ನಂಗೆ. ಆದ್ರೂ ನಾನು ಒಪ್ಪಿದ್ದು ಮಂಜುಶ್ರೀನ" ಅಂದ.

ಅದಾದ ಮೇಲೆ ನಡೆದದ್ದು ನಮ್ಮ ಮನೆಗಳಲ್ಲಿ ನಡೆಯುವಂಥದ್ದಲ್ಲ. ಮಂಜು ಬೆಂಚಿನಿಂದ ಎದ್ದು, ಅಷ್ಟು ಗಂಡಸರ ಎದುರು, "ಅಪ್ಪ, ನಂಗೆ ಏನಾದ್ರೂ ಆಗ್ಲಿ, ಇವರೇ ಆಗ್ಬೇಕು" ಅಂದಳು.

ಭಾವ ಜಾತಕವನ್ನು ನಂಬುವವರು. ಬೂಟಾಟಿಕೆಗಲ್ಲ, ಉಸಿರಾಡುವಷ್ಟು ನಂಬುವವರು. ಎಂಟನೇ ಮನೆಯ ಕುಜ ಅಂದರೆ ಅವರ ಕಣ್ಣ ಮುಂದೆ ಏನು ಬಂದಿತ್ತೋ ನನಗೆ ಊಹೆಯಾಗುತ್ತಿತ್ತು. ಎರಡು ಚೀಟಿಗಳನ್ನೂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಎದ್ದರು.

"ಸುಳ್ಳು ಬರೆಯಲ್ಲ. ಹುಡುಗನಿಗೆ ದೋಷ ಇದೆ ಅಂತ ಕೇಳಿದೋರಿಗೆಲ್ಲ ನಾನೇ ಹೇಳ್ತೀನಿ. ಆದ್ರೂ ಕೊಡ್ತೀನಿ. ಮಕ್ಕಳಿಬ್ಬರೂ ಬಾಯಿ ಬಿಟ್ಟು ಕೇಳಿದ ಮೇಲೆ ಈ ಕಾಗದ ಹಿಡ್ಕೊಂಡು ನಾನು ಅಡ್ಡ ನಿಲ್ಲಲ್ಲ."

ರೇವಣಸಿದ್ದಯ್ಯ ಬಗ್ಗಿ ಭಾವನ ಕಾಲು ಮುಟ್ಟಿದ. ಮಂಜು ಅಳುತ್ತಿದ್ದಳು. ತ್ರಿವೇಣಿ ಕಂಪ್ಯೂಟರ್ ಆಫ್ ಮಾಡಿ, ನಾಳೆಯಿಂದ ಬರುವವರಿಗೆಲ್ಲ ಹೊಸ ಚೀಟಿ ತೆಗೆದುಕೊಡುತ್ತೇನೆ ಅಂತ ಲಕ್ಷ್ಮೀನರಸಿಂಹಯ್ಯನವರಿಗೆ ಹೇಳಿ ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ಮಂಜು ಹೂವು ತರುತ್ತೇನೆ ಅಂತ ಗೇಟಿನ ಕಡೆ ಹೋದಳು. ಭಾವ ಮಧ್ಯೆ, ಆಚೆ ತ್ರಿವೇಣಿ, ಈಚೆ ನಾನು ಕಲ್ಲುಬೆಂಚಿನ ಮೇಲೆ ಕೂತೆವು. ಎಲ್ಲ ಸುಸೂತ್ರವಾದ ಸಮಾಧಾನದಲ್ಲಿ ನಾನು ಏನೋ ಹರಟುತ್ತಿದ್ದೆ. ತ್ರಿವೇಣಿ ಎದುರಿಗಿದ್ದ ಖಾಲಿ ಬಸ್ಸನ್ನೇ ನೋಡುತ್ತ ಕೇಳಿದಳು.

"ಅಪ್ಪಾ, ಹಾಗಲವಾಡಿಯಿಂದ ಒಬ್ಬರು ಬಂದಿದ್ರಲ್ಲ, ಸ್ಕೂಲ್ ಮೇಷ್ಟ್ರು. ದೋಷ ಇದ್ರೂ ಪರವಾಗಿಲ್ಲ, ನಾನು ಒಪ್ಪಿದ್ದೀನಿ ಅಂದಿದ್ರು. ನೀನೇ ಬೇಡ ಅಂದೆ."

ಈ ವಿಷಯ ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿತ್ತೋ ಇಲ್ಲವೋ. ಬಂದವರೆಲ್ಲ ತಾವೇ ಬೇಡ ಅಂದು ಹೋದರು ಅಂತಲೇ ನಾವು ತಿಳಿದಿದ್ದೆವು.

ಭಾವ ಎರಡು ಕೈಯಲ್ಲೂ ಮೇಲುವಸ್ತ್ರದ ತುದಿ ಹಿಡಿದುಕೊಂಡರು. "ನನ್ನ ಮಗಳಿಂದ ಇನ್ನೊಬ್ಬರ ಮಗನಿಗೆ ಏನಾದ್ರೂ ಆದ್ರೆ ಅಂತ ಹೆದರಿಕೊಂಡೆ" ಅಂದರು.

"ನನ್ನ ಕೇಳ್ಬೋದಾಗಿತ್ತು."

"ಕೇಳ್ಬೋದಾಗಿತ್ತು ಕಣವ್ವ. ಆವಾಗ ನಂಗೆ ಧೈರ್ಯ ಸಾಲಲಿಲ್ಲ."

ಅವಳು ಅಳಲಿಲ್ಲ. ಅಳು ಬಂದದ್ದು ನನಗೆ. ಅಷ್ಟು ಹೊತ್ತಿಗೆ ಮಂಜು ಮಲ್ಲಿಗೆ ಹಿಡಿದುಕೊಂಡು ಬಂದು ಅರ್ಧ ಮುರಿದು ಅಕ್ಕನ ಜಡೆಗೆ ಮುಡಿಸಿದಳು. ಗುಬ್ಬಿಯ ಬಸ್ಸು ಬಂದು ನಿಂತಿತು. ತ್ರಿವೇಣಿ ಎದ್ದು ಅಪ್ಪನ ಕೈಚೀಲ ತೆಗೆದುಕೊಂಡಳು.

"ಹತ್ತಪ್ಪ" ಅಂದಳು, "ಸೀಟು ಸಿಗಲ್ಲ ಆಮೇಲೆ."